ತಾನೇ ನಿಂತ ಕಾರು

ತೂಬಗೆರೆ
ಗುರುವಾರ, ೨೦-೧೧-೨೦೨೫, ಮಧ್ಯಾಹ್ನ

ಪ್ರೀತಿಯ ಮಾವಾ,

ನಿಮ್ಮ ಸೊಸೆ ಸಿಂಚನ ಮಾಡುವ ನಮಸ್ಕಾರ. ಮಂಡಿ ಹೇಗಿದೆ? ಊತ ಇಳಿದಿದೆಯಾ? ಅತ್ತೆ ಕಳಿಸಿದ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಸೀಸೆ ಇನ್ನೂ ಕಿಟಕಿಯಲ್ಲೇ ಕೂತಿದೆಯೋ? ನಿಮ್ಮಕ್ಕ ಮುನಿತಾಯಮ್ಮತ್ತೆ ಚೆನ್ನಾಗಿದ್ದಾರಾ? ತ್ಯಾಮಗೊಂಡ್ಲಿನಲ್ಲಿ ನಿಮಗೆ ನಿದ್ದೆ ಬರುತ್ತಿದೆಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ನೀವು ಫೋನ್ ಆಫ್ ಮಾಡಿ ಇಂದಿಗೆ ಹತ್ತು ದಿನ. ಮುನಿತಾಯಮ್ಮತ್ತೆಯ ನಂಬರಿಗೆ ಮಾಡಿದರೆ "ತೋಟದಲ್ಲವ್ನೆ ಕಣವ್ವ" ಎನ್ನುತ್ತಾರೆ, ಅವರ ಹಿಂದೆಯೇ ನೀವು ಕೆಮ್ಮುವುದು ನನಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಪದ್ಮಶ್ರೀ ನೆಲಮಂಗಲಕ್ಕೆ ಕೆಲಸಕ್ಕೆ ಹೋಗುವಾಗ, ಸುತ್ತಾದರೂ ಪರವಾಗಿಲ್ಲ, ತಾನೇ ಬಂದು ಕೊಡುತ್ತೇನೆ ಎಂದಿದ್ದಾಳೆ. ಎಂಥ ಒಳ್ಳೆಯ ಮಗಳನ್ನು ಹೆತ್ತಿದ್ದೀರಿ ಮಾವಾ, ನನಗೆ ನಾದಿನಿಯಲ್ಲ ಅವಳು, ಪಕ್ಕದ ಬೆಂಚಿನ ಸ್ನೇಹಿತೆ!

ನಗಬೇಡಿ, ನಾನು ಕನ್ನಡದಲ್ಲಿ ಬರೆದ ಕೊನೆಯ ಪತ್ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ಮೂರು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ. ಐದಕ್ಕೆ ಮೂರು ಅಂಕ ಬಂದಿತ್ತು. ಈ ಪತ್ರಕ್ಕೆ ನೀವೇ ಅಂಕ ಹಾಕಿ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ. ಬರೆಯಬೇಕಾದದ್ದು ಗಂಟಲಲ್ಲಿದೆ, ಪೆನ್ನಿಗೆ ಬರುತ್ತಿಲ್ಲ. ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಅವರೆಕಾಯಿ ಶುರುವಾಗಿದೆ. ಅತ್ತೆ ಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಾ, "ಅವರೇನು, ಅಕ್ಕನ ಮನೇಲಿ ಹಿತಕವರೆ ಸಾರು ತಿನ್ಕೊಂಡು ರಾಜನಂಗವ್ರೆ, ಇಲ್ಲಿಗ್ಯಾಕೆ ಬಂದಾರು" ಎಂದು ಗೋಡೆಗೆ ಹೇಳುತ್ತಾರೆ. ಬಸ್ಸು ಬಂದ ಸದ್ದಾದರೆ ಮಾತ್ರ ಕೈ ನಿಲ್ಲುತ್ತದೆ. ನನಗೆ ಈ ಮನೆ ಎಷ್ಟು ಇಷ್ಟ ಎಂದರೆ ಹೇಳಲು ಬರುವುದಿಲ್ಲ. ಶ್ರಾವಣದಲ್ಲಿ ಬಂದವಳು, ಮೂರು ತಿಂಗಳಾಗಿದೆ, ಈಗಲೂ ಇವರು ಗೇಟು ತೆರೆದ ಸದ್ದಿಗೆ ನಾನು ಕನ್ನಡಿ ನೋಡಿಕೊಳ್ಳುತ್ತೇನೆ. (ಹೆಸರು ಹಿಡಿದು ಕೆಂಪರಾಜ್ ಎಂದರೆ ಅತ್ತೆ ಕೆಮ್ಮುತ್ತಾರೆ, ಅದಕ್ಕೆ ಇಲ್ಲಿ 'ಇವರು' ಎಂದೇ ಬರೆಯುತ್ತೇನೆ.) ಇಂಥ ಮನೆಯಿಂದ ನಾನು ಬಂದ ಮೂರೇ ತಿಂಗಳಿಗೆ ನೀವು ಎದ್ದುಹೋದಿರಿ. ಅದು ನನ್ನಿಂದ ಎಂದು ಯಾರೂ ಹೇಳಿಲ್ಲ. ಹೇಳದೇ ಇರುವುದೇ ನನಗೆ ಕಷ್ಟವಾಗಿದೆ.

ಆ ಕೆಂಪು ಕಾರನ್ನು ನೀವು ಆರು ವರ್ಷದ ಹಿಂದೆ ದೇವನಹಳ್ಳಿ ಕಡೆಯ ವಿಲ್ಲಾದವರಿಂದ ಕೊಂಡು ತಂದಾಗ ಊರು ಹೇಗೆ ನಕ್ಕಿತು ಎಂಬುದನ್ನು ಅತ್ತೆ ನನಗೆ ಮಾಡಿ ತೋರಿಸಿದ್ದಾರೆ. "ಎರಡೇ ಸೀಟು, ಮೇಲೆ ಮುಚ್ಚಳಾನೂ ನಿಲ್ಲಲ್ಲ, ಹುಲ್ಲಿನ ಹೊರೆ ಎಲ್ಲಿ ಹಾಕ್ತೀಯ ರಾಮಾಂಜಿನಪ್ಪ?" ಎಂದು ಡೇರಿಯ ಮುಂದೆ ಕೇಳಿದರಂತೆ. ನೀವು ಅದರಲ್ಲಿ ಮದುವೆ ಗಂಡುಗಳನ್ನು ಕೂರಿಸಿದಿರಿ. ಮೇಲ್ಛಾವಣಿ ಮಡಚಿ, ಸೀಟುಗಳ ಹಿಂದಿನ ಎತ್ತರದ ಮೇಲೆ ಗಂಡು ಕೂತು, ಕಾಲು ಸೀಟಿನ ಮೇಲಿಟ್ಟರೆ, ಬೀದಿಯ ಕೊನೆಯವರೆಗೂ ಕಾಣುತ್ತಾನೆ. ಈಗ ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೆ ಮೆರವಣಿಗೆ ಎಂದರೆ ನಮ್ಮ ಸ್ಪೋರ್ಟ್ಸ್ ಕಾರು. ನಮ್ಮ ಮದುವೆಗೂ ನೀವೇ ಓಡಿಸಿದಿರಿ. ಗಂಡಿನ ಅಪ್ಪನೇ ಡ್ರೈವರಾ ಎಂದು ನಮ್ಮ ಕಡೆಯವರು ನಕ್ಕಾಗ ನೀವು ಹೇಳಿದ್ದು ನನಗೆ ನೆನಪಿದೆ: "ಊರವರ ಮಕ್ಕಳನ್ನ ಮುನ್ನೂರು ಜನನ್ನ ಕೂರಿಸ್ಕೊಂಡು ಹೋಗಿವ್ನಿ, ನನ್ನ ಮಗನ್ನ ಬೇರೆಯವನ ಕೈಗೆ ಕೊಡ್ಲಾ?" ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೂತು, ನಡಿಗೆಗಿಂತ ನಿಧಾನವಾಗಿ ಬಂದಿರಿ. ಛತ್ರದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಕಾರು ಹರಿದು ಬಂದಂತಿತ್ತು, ಉರುಳಿ ಬಂದಂತಿರಲಿಲ್ಲ. ಆಮೇಲೆ ಇವರು ಹೇಳಿದರು, ಕ್ಲಚ್ ಹೇಗೆ ಬಿಡಬೇಕೆಂದರೆ ಗಂಡಿನ ಪೇಟದ ಮಲ್ಲಿಗೆ ಅಲ್ಲಾಡಬಾರದು ಎಂದು ನೀವು ಕಲಿಸಿದ್ದಿರಂತೆ.

ಆದರೆ ಮಾವಾ, ಎರಡು ಗಂಟೆಯ ಮೆರವಣಿಗೆ ಎಂದರೆ ಎರಡು ಗಂಟೆಯೂ ನಿಮ್ಮ ಎಡಗಾಲು ಕ್ಲಚ್ಚಿನ ಮೇಲೆ. ಮನೆಗೆ ಬಂದು, ಯಾರಿಗೂ ಕಾಣದಂತೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಮಂಡಿಗೆ ಟವೆಲ್ ಬಿಗಿಯುವುದನ್ನು ಇವರು ನೋಡಿದ್ದಾರೆ. ನಾನೂ ನೋಡಿದ್ದೇನೆ. ಹೊಸ ವರ್ಷದ ಮಾಡೆಲ್ ಬಂದಿದೆ ಎಂದು ಇವರು ಬ್ರೋಷರ್ ತಂದದ್ದು ಅದಕ್ಕೇ, ದೊಡ್ಡಸ್ತಿಕೆಗಲ್ಲ. ಬ್ರೋಷರ್ ಇಂಗ್ಲಿಷಿನಲ್ಲಿತ್ತು. ಆ ಭಾನುವಾರ ಊಟಕ್ಕೆ ಕೂತಾಗ ಅದನ್ನು ಓದಿ ಓದಿ ಕನ್ನಡ ಮಾಡಿ ಹೇಳಿದವಳು ನಾನು. ಹದಿನೈದು ಹಾರ್ಸ್‌ಪವರ್ ಜಾಸ್ತಿ! ಹುಬ್ಬು ತಿದ್ದಿದಂಥ ತೆಳ್ಳನೆಯ ದೀಪ! ಹತ್ತೊಂಬತ್ತು ಸೆಕೆಂಡಿನ ಬದಲು ಹನ್ನೆರಡು ಸೆಕೆಂಡಿಗೆ ಮಡಚುವ ಛಾವಣಿ! ಎದುರಿಗೆ ಯಾರಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ! ಪೂರ್ತಿ ಆಟೋಮ್ಯಾಟಿಕ್, ಈ ವರ್ಷದಿಂದ ಕ್ಲಚ್ ಇರುವ ಗಾಡಿಯನ್ನೇ ಮಾಡುವುದಿಲ್ಲವಂತೆ! ಕ್ರಿಕೆಟ್ ಕಾಮೆಂಟರಿ ಹೇಳುವವಳ ಹಾಗೆ ಕೂಗಿದೆ. ಆಗ ಇವರು, "ನಿನ್ನ ಎಡಗಾಲಿಗೆ ಇನ್ಮೇಲೆ ರಜಾ ಕಣಪ್ಪಾ" ಎಂದರು. ನಾನು ಚಪ್ಪಾಳೆ ತಟ್ಟಿದೆ. ನಿಮ್ಮ ಮುಖ ನೋಡಿ ಕೈ ಅರ್ಧಕ್ಕೇ ನಿಂತಿತು. "ಕಾಲಿಗೆ ರಜಾ ಕೊಟ್ಮೇಲೆ ಆಳಿಗೂ ಕೊಟ್ಟಂಗೇ ಬಿಡಪ್ಪಾ" ಎಂದು ನೀವು ಕೈ ತೊಳೆದಿರಿ. ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಹೊರಟಿರಿ. ಕಾರಿನ ಕೀ ನಿಮ್ಮ ಜೇಬಿನಲ್ಲಿ ಹೋಯಿತು.

ಕಾರು ಶೆಡ್ಡಿನಲ್ಲಿ, ಕೀ ತ್ಯಾಮಗೊಂಡ್ಲಿನಲ್ಲಿ, ಮೊನ್ನೆಯ ಭಾನುವಾರಕ್ಕೆ ದೊಡ್ಡಬಳ್ಳಾಪುರದ ಆನಂದ್ ಅವರ ಮದುವೆಯ ಬುಕಿಂಗ್. ನಮ್ಮ ಹತ್ತಿರ ಇನ್ನೊಂದು ಕೀ ಇಲ್ಲವೆಂಬುದು ನಿಮಗೂ ಗೊತ್ತಿತ್ತು. ನಿಮ್ಮನ್ನು ಕರೆಯಲು ಇವರಿಗೆ ಬಾಯಿ ಬರಲಿಲ್ಲ. ಶೋರೂಮಿನವರನ್ನು ಕೇಳಿದರು. ಕೊಳ್ಳುವವರು ತಾನೇ ಎಂದು ಅವರು ಹೊಸ ಮಾಡೆಲ್ಲಿನ ಡೆಮೋ ಕಾರನ್ನು ಎರಡು ದಿನಕ್ಕೆ ಕೊಟ್ಟರು, "ತಂದೆಯವರಿಗೂ ಓಡಿಸಿ ತೋರಿಸಿ ಸರ್" ಎಂದು. ಮೆರವಣಿಗೆಗೆ ಎಂದು ಇವರು ಹೇಳಲಿಲ್ಲ. ಅದು ತಪ್ಪು. ನನಗೆ ಗೊತ್ತಿದ್ದೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಸುಮ್ಮನಿದ್ದದ್ದೂ ಅಲ್ಲ, ಎಷ್ಟು ಚೆಂದ ಎಂದು ಅದರ ಪಕ್ಕ ನಿಂತು ಫೋಟೋ ಬೇರೆ ತೆಗೆಸಿಕೊಂಡೆ.

ಭಾನುವಾರ ಸಂಜೆ ನಾನೂ ಪದ್ಮಶ್ರೀಯೂ ಎಂದಿನಂತೆ ಮುಂದಿನ ಜಾಲರಿಗೆ ಚೆಂಡುಹೂವಿನ ಹಾರ ಇಳಿಬಿಟ್ಟೆವು. ಹೊಸ ಗಾಡಿಗೆ ದೃಷ್ಟಿಯಾಗಬಾರದೆಂದು ಅತ್ತೆ ಮನೆಯಿಂದಲೇ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕೊಟ್ಟಿದ್ದರು, ಅದನ್ನೂ ನಡುವೆ ಕಟ್ಟಿದೆವು. ಗಂಡು ಹತ್ತಿ ಕೂತ, ತಮಟೆ ಶುರುವಾಯಿತು, ಕಾರು ಮಾತ್ರ ಕದಲಲಿಲ್ಲ. ಒಂದಡಿ ಹೋಗುವುದು, ಕುಂಯ್ ಎಂದು ಕಿರುಚಿ ನಿಲ್ಲುವುದು. ಸ್ಕ್ರೀನ್ ತುಂಬ ಕೆಂಪು ಚಿತ್ರ. ನೋಡಿದರೆ ಅದರ ಕಣ್ಣಿರುವುದು ಜಾಲರಿಯ ಹಿಂದೆಯೇ ಅಂತೆ, ನಮ್ಮ ನಿಂಬೆಹಣ್ಣನ್ನೇ ಅಡ್ಡ ಬಂದ ಮನುಷ್ಯ ಎಂದುಕೊಂಡಿದೆ! ಎಲ್ಲವನ್ನೂ ಬಿಚ್ಚಿದೆವು. ಬಿಚ್ಚಿದ ಮೇಲೆ ನಿಜವಾದ ಮನುಷ್ಯರು ಕಂಡರು. ಮೆರವಣಿಗೆಯಲ್ಲಿ ಜನ ಇರುವುದೇ ಕಾರಿನ ಮುಂದೆ, ಗಂಡಿನ ಸೋದರಮಾವಂದಿರು ಬಾನೆಟ್ಟಿಗೆ ಬೆನ್ನು ಉಜ್ಜಿಕೊಂಡೇ ಕುಣಿಯುವುದು. ಕಾರನ್ನು ಮಾಡಿದವರಿಗೆ ಇದು ಗೊತ್ತಿರಲಿಲ್ಲ. ಒಬ್ಬೊಬ್ಬರು ತಿರುಗಿದಾಗಲೂ ಗಕ್ಕನೆ ಬ್ರೇಕು. ಮೇಲೆ ಕೂತ ಆನಂದ್ ಮುಂದಕ್ಕೆ ವಾಲಿ, "ಅಣ್ಣಾ, ತಾಳಿ ಕಟ್ಟೋಗಂಟನಾದ್ರೂ ಉಳಿಸ್ರಣ್ಣಾ" ಎಂದ. "ಏನ್ ಗುರು, ಕಾರೋ ಕೋಣಾನೋ ಇದು?" ಎಂದು ಕುಣಿಯುವವರು ನಕ್ಕರು. ಒಬ್ಬ ಹಿರಿಯರು ಮಾತ್ರ ನಗದೆ, "ಅಪ್ಪ ಬರಬೇಕಿತ್ತು, ಮಗನಿಗಿನ್ನೂ ಕಾಲು ಕೂತಿಲ್ಲ" ಎಂದರು. ಇವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಹೂವಿನ ಬುಟ್ಟಿ ಹಿಡಿದು ಎಡಬಾಗಿಲ ಪಕ್ಕದಲ್ಲೇ ನಡೆಯುತ್ತಿದ್ದೆ.

ಬಸ್ ಸ್ಟ್ಯಾಂಡ್ ದಾಟುವ ಹೊತ್ತಿಗೆ ಕಾರು ಸುಮ್ಮನಾಯಿತು. ಸಲೀಸಾಗಿ ಸಾಗಿತು. ಇವರು ನನ್ನ ಕಡೆ ನೋಡಿ ಕಣ್ಣು ಹೊಡೆದರು ಕೂಡ (ಮಾವನಿಗೆ ಇದನ್ನೆಲ್ಲ ಬರೆಯಬಾರದೇನೋ). ಕೆರೆ ಏರಿ ಇಳಿದು ಛತ್ರಕ್ಕೆ ತಿರುಗುವ ಇಳಿಜಾರಿದೆಯಲ್ಲ, ಅಲ್ಲಿ. ವಿಡಿಯೋ ತೆಗೆಯುವ ಇರ್ಫಾನ್, ನಮ್ಮ ಮದುವೆಗೂ ಬಂದಿದ್ದನಲ್ಲ, ಗಂಡನ್ನು ಹಿಡಿಯಲು ಕ್ಯಾಮೆರಾ ಎತ್ತಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದ. ದೀಪದ ಜನರೇಟರಿನ ವೈರು ಅವನ ಹಿಮ್ಮಡಿಗೆ ಸಿಕ್ಕಿತು. ಮರದ ದಿಮ್ಮಿ ಬಿದ್ದ ಹಾಗೆ ಅಂಗಾತ ಬಿದ್ದ. ಕಾರು ಇಳಿಜಾರಿನಲ್ಲಿ ಜೋರಾಗಿಯೇ ಬರುತ್ತಿತ್ತು. ಅಷ್ಟು ತಮಟೆಯ ನಡುವೆಯೂ ಟೈರು ಕಿರ್ ಎಂದದ್ದು ನನಗೆ ಕೇಳಿಸಿತು. ನಿಂತಿತು. ಬಂಪರಿಗೂ ಇರ್ಫಾನನ ಪಾದಗಳಿಗೂ ನಡುವೆ ನನ್ನ ಒಂದು ಗೇಣು ಹಿಡಿಸಲಿಲ್ಲ. ಆಮೇಲೆ ನಾನು ಕೈಯಿಟ್ಟು ಅಳೆದೆ, ಯಾಕೆ ಅಳೆದೆನೋ ಗೊತ್ತಿಲ್ಲ.

ಆನಂದ್ ಮೇಲಿನಿಂದ ಮುಗ್ಗರಿಸಿ ಗಾಜಿನ ಚೌಕಟ್ಟಿಗೆ ಬಾಯಿ ಬಡಿಸಿಕೊಂಡ. ಪೇಟ ಬಾನೆಟ್ಟಿನ ಮೇಲೆ ಬಿತ್ತು, ಜುಬ್ಬದ ಮೇಲೆ ರಕ್ತ. "ಯಾವನ್ಲಾ ನಿಂಗೆ ಲೈಸೆನ್ಸ್ ಕೊಟ್ಟೋನು?" ಎಂದು ಅವನ ಸೋದರಮಾವ ಇವರ ಕಾಲರ್ ಹಿಡಿದು ಎತ್ತಿದರು. ಇನ್ನೊಬ್ಬರು ಹೊಡೆಯಲು ಕೈ ಎತ್ತಿದ್ದರು. ನಾನು ಬುಟ್ಟಿ ಅಲ್ಲೇ ಬಿಟ್ಟು, ಬಗ್ಗಿ ಆನಂದನನ್ನು ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ಬಂಪರಿನ ಕೆಳಗೆ ನೋಡಿದರು. ತಮಟೆ ನಿಂತಿತು. ಇರ್ಫಾನ್ ಮಲಗಿದ್ದಲ್ಲಿಂದಲೇ ಕ್ಯಾಮೆರಾ ಎತ್ತಿ ಹಿಡಿದು, "ಹುಷಾರು, ಹುಷಾರು, ರೆಕಾರ್ಡಿಂಗ್ ಆಗ್ತೈತೆ" ಎಂದ. ಕಾಲರ್ ಹಿಡಿದಿದ್ದ ಕೈ ಸಡಿಲವಾಯಿತು. "ನೀನೇನಪ್ಪಾ ಬ್ರೇಕ್ ಹಾಕಿದ್ದು?" ಎಂದು ಅವರು ಕೇಳಿದರು. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನಲ್ಲಣ್ಣಾ. ನಾನು ಕನ್ನಡೀಲಿ ಗಂಡಿನ ಕಡೆ ನೋಡ್ತಿದ್ದೆ. ಅದೇ ನಿಂತ್ಕೊಳ್ತು." ಕಾರೇ ನಿಂತ್ಕೊಳ್ತಂತೆ, ಕಾರೇ ನಿಂತ್ಕೊಳ್ತಂತೆ ಎಂದು ಮಾತು ಹಿಂದಿನ ಸಾಲಿನವರೆಗೂ ಹೋಯಿತು. ಹೆಂಗಸರು ಆರತಿ ತಟ್ಟೆ ತಂದು ಮೊದಲು ಕಾರಿಗೆ ಎತ್ತಿದರು, ಆಮೇಲೆ ಗಂಡಿಗೆ. ಆನಂದ್ ತುಟಿಗೆ ಎರಡು ಹೊಲಿಗೆ. ಮದುವೆ ಚೆನ್ನಾಗಿಯೇ ಆಯಿತು. ಫೋಟೋಗಳಲ್ಲೆಲ್ಲ ಅವನು ಬಾಯಿ ಮುಚ್ಚಿಕೊಂಡಿದ್ದಾನೆ, ಅವನ ಹೆಂಡತಿ ನಗುತ್ತಿದ್ದಾಳೆ.

ಇರ್ಫಾನ್ ಹಾಕಿದ ರೀಲ್ ತ್ಯಾಮಗೊಂಡ್ಲಿಗೂ ತಲುಪಿರಬೇಕು, ಯಾರ ಫೋನಿನಲ್ಲಾದರೂ ನೀವು ನೋಡಿರಬೇಕು. ಮೊದಲು ಆಕಾಶ, ಆಮೇಲೆ ಬಂಪರು. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಮೆರವಣಿಗೆಗೆ ಒಯ್ದದ್ದಕ್ಕೆ ಶೋರೂಮಿನವರು ಬೈಯುತ್ತಾರೆ ಎಂದು ನಾವು ನಡುಗುತ್ತಿದ್ದರೆ, ಅವರೇ ಫೋನ್ ಮಾಡಿ ಖುಷಿಪಟ್ಟರು. ನಾಡಿದ್ದು ಶನಿವಾರ ಇವರು ಅಲ್ಲಿಗೆ ಹೋಗಿ, ಕಾರಿನ ಪಕ್ಕ ನಿಂತು, ಆದದ್ದನ್ನು ಕ್ಯಾಮೆರಾ ಮುಂದೆ ಹೇಳಬೇಕಂತೆ. ಹೇಳಿದರೆ ನಮ್ಮ ಹಳೆಯ ಕಾರಿಗೆ ಒಳ್ಳೆಯ ಬೆಲೆ ಕಟ್ಟಿ ಈ ತಿಂಗಳೊಳಗೇ ಹೊಸದನ್ನು ಕೊಡುತ್ತಾರೆ. ಇವರು ಕನ್ನಡಿಯ ಮುಂದೆ ನಿಂತು ಕಲಿಯುತ್ತಿದ್ದಾರೆ: "ನಾನು ಬ್ರೇಕ್ ಮುಟ್ಟಲೇ ಇಲ್ಲ. ಕಾರು ತಾನೇ ನಿಂತಿತು." ನಾನು ಹಾಸಿಗೆ ಮಡಚುತ್ತಾ ಕೇಳಿಸಿಕೊಳ್ಳುತ್ತೇನೆ. ಅತ್ತೆಯ ಮುಂದೆ ಇನ್ನೊಂದು ಮಾತೂ ಅಂದರು: "ಅಪ್ಪನೇ ಇದ್ದಿದ್ರೂ ಇರ್ಫಾನ್ ಉ‌ಳೀತಿರ್ಲಿಲ್ಲ ಕಣವ್ವಾ." ಅತ್ತೆ ಸೌಟು ಕೆಳಗಿಟ್ಟು ಒಳಗೆ ಹೋದರು. ಇದು ಜಂಬದ ಮಾತಲ್ಲ ಮಾವಾ, ದಯವಿಟ್ಟು ಹಾಗೆ ತಿಳಿಯಬೇಡಿ. ಇವರು ಭಾನುವಾರದಿಂದ ಸ್ಕೂಟರನ್ನು ಕೂಡ ಮುಟ್ಟಿಲ್ಲ. ಹಾಲು ಹಾಕಲು ಡೇರಿಗೆ ನಡೆದು ಹೋಗುತ್ತಾರೆ. ನಿನ್ನೆ ಶೆಡ್ಡಿನಲ್ಲಿ ನಿಮ್ಮ ಕಾರಿನ ಹೊದಿಕೆಯ ಮೇಲೆ ಕೈಯಿಟ್ಟು ನಿಂತಿದ್ದರು. ಕಾಫಿ ಕೊಡಲು ಹೋದ ನನಗೆ, ತಿರುಗಿ ನೋಡದೆ ಹೇಳಿದರು: "ನಾನು ನೋಡ್ಲೇ ಇಲ್ಲ ಸಿಂಚು. ಅಪ್ಪನ ಕಾಲು ನನಗೆ ಬರ್ಲಿಲ್ಲ. ನನ್ನ ನಂಬ್ಕೊಂಡು ಯಾರ ಮಗನ್ನೂ ಕೂರಿಸೋ ಹಂಗಿಲ್ಲ. ಅದಕ್ಕೇ ನನಗೆ ಆ ಕಾರೇ ಬೇಕು."

ಮಂಗಳವಾರ ಇರ್ಫಾನನ ತಾಯಿ ಅನ್ವರ್ ಬೇಗಂ ಆಟೋ ಮಾಡಿಕೊಂಡು ದೊಡ್ಡಬಳ್ಳಾಪುರದಿಂದ ಬಂದಿದ್ದರು, ಡಬ್ಬಿ ತುಂಬ ಶಾವಿಗೆ ಪಾಯಸ ತಂದಿದ್ದರು. "ನನ್ನ ಮಗನ್ನ ಉಳಿಸಿದ ಕಾರು ಎಲ್ಲಮ್ಮಾ? ಒಂದ್ಸಲ ಕಣ್ಣಲ್ಲಿ ನೋಡ್ತೀನಿ" ಎಂದರು. ಶೋರೂಮಿಗೆ ವಾಪಸ್ ಹೋಯಿತು ಎಂದಾಗ ಅವರ ಮುಖ ಸಣ್ಣದಾಯಿತು. ಆಮೇಲೆ ಎದ್ದು ಹೋಗಿ ಇವರ ತಲೆ ಸವರಿ, ತಮ್ಮ ನೆತ್ತಿಯ ಪಕ್ಕಕ್ಕೆ ಬೆರಳು ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದರು. "ನಂದೇನಿಲ್ಲ ಅಮ್ಮಾ, ನಾನೇನೂ ಮಾಡ್ಲಿಲ್ಲ" ಎಂದು ಇವರು ಹಿಂದಕ್ಕೆ ಸರಿದರು. "ಇರ್ಲಿ ಬಿಡಪ್ಪಾ, ಕಾರು ಇಲ್ವಲ್ಲ, ನೀನಿದೀಯಲ್ಲ" ಎಂದು ಅವರು ನಕ್ಕರು. ನನ್ನ ಕೈಯಲ್ಲಿದ್ದ ಟೀ ತಟ್ಟೆಗೆಲ್ಲ ಚೆಲ್ಲಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಹೊಸ ಮಾಡೆಲ್ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ಬ್ರೋಷರ್ ಓದಿದವಳು ನಾನಲ್ಲವೇ. ಹದಿನೈದು ಹಾರ್ಸ್‌ಪವರ್ ನಮಗೆ ಉಪ್ಪಿನಕಾಯಿಗೂ ಬೇಡ, ಮೆರವಣಿಗೆಯಲ್ಲಿ ಎರಡನೇ ಗೇರಿಗೆ ಹೋದವರೇ ಇಲ್ಲ. ಹಿಂದಿನ ಎತ್ತರದಲ್ಲಿ ಈ ವರ್ಷ ಒಂಟೆಯ ಡುಬ್ಬದಂಥ ಎರಡು ಉಬ್ಬು ಮಾಡಿದ್ದಾರೆ, ಗಂಡು ಕೂರಲಾರದೆ ನಾವು ಜಮಖಾನ ಮಡಚಿ ಹಾಕಬೇಕಾಯಿತು. ದೀಪ ಚೆಂದ, ಆದರೆ ಅದನ್ನು ಮೆಚ್ಚಲು ಕಾರಿನ ಮುಂದೆ ಮಲಗಬೇಕು, ಇರ್ಫಾನನ ಹಾಗೆ. ನಿಧಾನ ಹೋದರೂ ಎಂಜಿನ್ ಕಾಯುವುದಿಲ್ಲ, ಅದು ಒಳ್ಳೆಯದು, ನಮ್ಮದು ಹೇಗೆ ಕುದಿಯುತ್ತದೆ ಎಂದು ನಿಮಗೇ ಗೊತ್ತು. ಕ್ಲಚ್ ಇಲ್ಲದ್ದು ನಿಮ್ಮ ಮಂಡಿಗೆ ನಿಜವಾಗಿ ಒಳ್ಳೆಯದು. ಇದನ್ನು ನಿಮಗೆ ಬೇಸರವಾದರೂ ಬರೆಯುತ್ತೇನೆ, ಯಾಕೆಂದರೆ ನೀವು ಇನ್ನೂ ಇಪ್ಪತ್ತು ವರ್ಷ ಓಡಿಸಬೇಕು ಎಂಬ ಆಸೆ ನನಗಿದೆ. ತಾನೇ ನಿಲ್ಲುವ ವಿಷಯ ಒಂದು ಉಳಿಯಿತು. ಅದರ ಬಗ್ಗೆ ನಾನು ಏನನ್ನೂ ಬರೆಯಲಾರೆ.

ಈ ಲಕೋಟೆಯಲ್ಲಿ ವರ್ಗಾವಣೆಯ ಫಾರಂ ಇದೆ, ಕಾರು ನಿಮ್ಮ ಹೆಸರಿನಲ್ಲಿರುವುದರಿಂದ ಸಹಿ ನಿಮ್ಮದೇ ಆಗಬೇಕು. ಎಲ್ಲೆಲ್ಲಿ ಎಂದು ಇವರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಕೀಯನ್ನೂ ಪದ್ಮಶ್ರೀ ಕೈಯಲ್ಲಿ ಕೊಟ್ಟುಕಳಿಸಬೇಕಂತೆ. ಇಷ್ಟನ್ನು ಬರೆಯಲು ನನಗೆ ಹೇಳಿದ್ದರು, ಬರೆದಿದ್ದೇನೆ. ಮುನಿತಾಯಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸಿ. ಎಣ್ಣೆ ಹಚ್ಚಿಕೊಳ್ಳಿ, ಮೆಟ್ಟಿಲು ಹತ್ತಬೇಡಿ. ನಮ್ಮಿಬ್ಬರ ತಲೆಯ ಮೇಲೂ ನಿಮ್ಮ ಕೈ ಇರಲಿ, ಬೈದುಕೊಂಡಾದರೂ ಇರಲಿ.

ನಿಮ್ಮ ಬಾಯಿಬಡುಕಿ ಸೊಸೆ,
ಸಿಂಚನ

ತಾ.ಕ.: ಶುಕ್ರವಾರ ಬೆಳಿಗ್ಗೆ. ಪದ್ಮಶ್ರೀ ಹೆಲ್ಮೆಟ್ ಹಾಕಿಕೊಂಡು ಹಾರ್ನ್ ಮಾಡುತ್ತಿದ್ದಾಳೆ, ಇವರು ಡೇರಿಯಿಂದ ಬರುವುದರೊಳಗೆ ಬರೆಯಬೇಕು. ಮಾವಾ, ಆ ಕಾರು ತಾನೇ ನಿಲ್ಲಲಿಲ್ಲ. ನಿಲ್ಲಲು ಸಾಧ್ಯವೇ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಅದರ ಕಿರುಚಾಟ ತಡೆಯಲಾರದೆ ಇವರು "ಏನಾದ್ರೂ ಮಾಡಿ ಇದರ ಬಾಯಿ ಮುಚ್ಸು ಸಿಂಚು" ಎಂದಾಗ, ನಾನು ಎಡಬಾಗಿಲಿನಿಂದ ಬಗ್ಗಿ, ಸ್ಕ್ರೀನಿನಲ್ಲಿ ಹುಡುಕಿ, ತಾನೇ ಬ್ರೇಕ್ ಹಾಕುವುದನ್ನು ಪೂರ್ತಿ ಆಫ್ ಮಾಡಿದ್ದೆ. ಖಚಿತವೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು, ಹೌದು ಎಂದು ಒತ್ತಿದೆ. ಬರೀ ಸದ್ದು ನಿಲ್ಲಿಸಿದೆ ಎಂದು ಇವರು ತಿಳಿದಿದ್ದಾರೆ. ಎಂಜಿನ್ ನಿಲ್ಲಿಸಿ ಮತ್ತೆ ಹಾಕಿದರೆ ಅದು ತಾನಾಗಿ ಆನ್ ಆಗುತ್ತದೆ, ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಇರ್ಫಾನ್ ಬಿದ್ದಾಗ ಕೆಂಪು ಚಿತ್ರ ಬರಲಿಲ್ಲ, ಕುಂಯ್ ಎನ್ನಲಿಲ್ಲ. ಆನಂದನನ್ನು ಹಿಡಿಯಲು ಬಗ್ಗಿದಾಗ ನಾನು ಕೆಳಗೆ ನೋಡಿದೆ. ಇವರ ಬಲಗಾಲು ಬ್ರೇಕಿನ ಮೇಲೆ ಪೂರ್ತಿ ಕೂತಿತ್ತು. ಎಡಗಾಲು, ಚಪ್ಪಲಿಯಿಲ್ಲದ ಎಡಗಾಲು, ಆ ಕಾರಿನಲ್ಲಿ ಇಲ್ಲವೇ ಇಲ್ಲದ ಕ್ಲಚ್ಚನ್ನು ನೆಲಕ್ಕೆ ಒತ್ತಿಹಿಡಿದಿತ್ತು. ಹಾಗೆ ನಿಲ್ಲಿಸುವುದನ್ನು ಯಾರು ಕಲಿಸಿದರೋ ನನಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಐದು ದಿನದಿಂದ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಇವರು ನಿಲ್ಲಿಸದಿದ್ದರೆ ನನ್ನ ಬೆರಳು ಒಬ್ಬನನ್ನು ಕೊಂದಿರುತ್ತಿತ್ತು ಎಂದು ನೆನಪಾಗಿ ಮುಚ್ಚಿಕೊಳ್ಳುತ್ತೇನೆ. ಫಾರಂಗೆ ಸಹಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು, ಮಂಡಿಗಾಗಿ ಹಾಕಿದರೆ ನನಗೆ ಸಂತೋಷವೇ. ಆದರೆ ಮಗನಿಗೆ ಕೈಲಾಗುವುದಿಲ್ಲವೆಂದು ಹಾಕಬೇಡಿ. ನಾಳೆ ಹತ್ತು ಗಂಟೆಗೆ ಇವರು ಆ ಕ್ಯಾಮೆರಾ ಮುಂದೆ ನಿಲ್ಲುತ್ತಾರೆ. ಇಂದು ರಾತ್ರಿ ನಾನೇ ಹೇಳುತ್ತೇನೆ, ಹೇಳಿಯೇ ಹೇಳುತ್ತೇನೆ. ಆದರೆ ನಾನು ಹೇಳಿದರೆ ಇವರಿಗೆ ನನ್ನ ತಪ್ಪು ಮಾತ್ರ ಕೇಳಿಸುತ್ತದೆ. ಬ್ರೇಕ್ ಹಾಕಿದ್ದು ನೀನೇ ಕಣೋ ಎಂದು ನೀವು ಹೇಳಿದರೆ ನಂಬುತ್ತಾರೆ. ತ್ಯಾಮಗೊಂಡ್ಲಿನಿಂದ ಸಾಯಂಕಾಲದ ಬಸ್ಸು ಐದೂಕಾಲಿಗಂತೆ.